ಬಂದು ಮೂರು ತಿಂಗಳಾಯಿತು, ಕುರ್ಚಿ ಬಿಟ್ಟು ಬೇರೇನೂ ಕೊಟ್ಟಿಲ್ಲ: ಹೊರದೇಶಕ್ಕೆ ಸ್ವಯಂಸೇವೆಗೆ ಹೋದವರು ಯಾರಾದರೂ ಇದ್ದೀರಾ?

ಆಲ್ದೂರಿನವಳು
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಮಳೆಯ ಲೆಕ್ಕ, ಕಾಫಿಯ ದರ ಓದಿಕೊಂಡು ಸುಮ್ಮನಿದ್ದವಳು ಇವತ್ತು ಬರೆಯಲು ಕುಳಿತಿದ್ದೇನೆ.

ನಮ್ಮದು ಆಲ್ದೂರಿನ ಹತ್ತಿರ ಐದು ಎಕರೆ ರೋಬಸ್ಟಾ ಕಾಫಿ ತೋಟ. ನಾನು ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಮುಗಿಸಿ ಒಂದು ಸಹಕಾರ ಸಂಘದಲ್ಲಿ ನಾಲ್ಕು ವರ್ಷ ಲೆಕ್ಕ ಬರೆದೆ. ಮಾರ್ಚ್‌ನಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಉಗಾಂಡಾಕ್ಕೆ ಬಂದೆ. ಒಂದು ವರ್ಷದ ಒಪ್ಪಂದ. ಕಂಪಾಲಾದಿಂದ ಸುಮಾರು 130 ಕಿ.ಮೀ. ದೂರದ ಮಸಾಕಾ ಕಡೆಯ ಒಂದು ಹಳ್ಳಿ, ಅಲ್ಲಿ ಕಾಫಿ ಬೆಳೆಗಾರರ ಸಣ್ಣ ಸಂಘ. ದಾರಿಯಲ್ಲಿ ಭೂಮಧ್ಯರೇಖೆ ದಾಟಿ ಬರಬೇಕು. ರಸ್ತೆಬದಿಯಲ್ಲಿ ಬಿಳಿ ಉಂಗುರ ಕಟ್ಟಿ ನಿಲ್ಲಿಸಿದ್ದಾರೆ, ಎಲ್ಲರೂ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ. ಮೂರು ತಿಂಗಳಲ್ಲಿ ನಾನು ಮಾಡಿದ ಕೆಲಸವೆಂದರೆ ಬಹುಶಃ ಅದೊಂದೇ.

ಕಾಗದದ ಮೇಲೆ ನನ್ನ ಕೆಲಸ ಸಂಘದ ಲೆಕ್ಕಪತ್ರ ಸರಿಪಡಿಸಿ, ಇಬ್ಬರಿಗೆ ಕಲಿಸುವುದು. ಬಂದ ದಿನ ಕಾರ್ಯದರ್ಶಿಗಳು ಎದ್ದು ನಿಂತು ಸ್ವಾಗತಿಸಿದರು, ಒಳಗಿನಿಂದ ಒಂದು ಒಳ್ಳೆಯ ಕುರ್ಚಿ ತರಿಸಿ ಹಾಕಿಸಿದರು. ಇವತ್ತಿಗೂ ಆ ಕುರ್ಚಿಯಲ್ಲೇ ಇದ್ದೇನೆ. ಪುಸ್ತಕ ಕೇಳಿದರೆ ನಾಳೆ ಎನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ, ಅದಕ್ಕೇ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಊಟದ ತೊಂದರೆ ಇಲ್ಲ. ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ಹಿಸುಕಿ ಮತೋಕೆ ಎಂದು ಬಡಿಸುತ್ತಾರೆ, ಜೊತೆಗೆ ಕಡಲೆಕಾಯಿಯ ಗಟ್ಟಿ ಸಾರು. ತೊಂದರೆ ಇರುವುದು ಬೇರೆ ಕಡೆ. ಮಕ್ಕಳು "ಮುಹಿಂದಿ, ಮುಹಿಂದಿ" ಎಂದು ಕೂಗುತ್ತಾ ಹಿಂದೆ ಬರುತ್ತವೆ. ಇಂಡಿಯಾದವಳು ಎಂದಷ್ಟೇ ಅರ್ಥ, ಆದರೂ ದಿನಕ್ಕೆ ನಲವತ್ತು ಸಲ ಕೇಳಿದರೆ ಕಿವಿ ಸೋಲುತ್ತದೆ. ಪಕ್ಕದ ಮನೆಯ ಹುಡುಗಿ ನೀರು ಕೊಡುವಾಗ ಮಂಡಿಯೂರಿ ನಮಸ್ಕರಿಸಿದಳು, ಇಲ್ಲಿಯ ಬಗಾಂಡಾ ಜನರ ಪದ್ಧತಿ. ನನಗೆ ಗಾಬರಿಯಾಗಿ ಅವಳ ತೋಳು ಹಿಡಿದು ಎಬ್ಬಿಸಿಬಿಟ್ಟೆ. ಅವಳ ತಾಯಿಯ ಮುಖ ಬಾಡಿತು. ಆ ಮೇಲೆ ವಾರವಿಡೀ ಮಾತಿಲ್ಲ.

ಇನ್ನೊಂದು ದಿನ ಪಕ್ಕದ ಹಳ್ಳಿಯಲ್ಲಿ ಸಭೆ, "ನಾಲ್ಕು ಗಂಟೆಗೆ" ಎಂದರು. ನಾನು ನಾಲ್ಕಕ್ಕೆ ಹೋದರೆ ಅಲ್ಲಿ ಒಂದು ನಾಯಿ ಮಲಗಿತ್ತು. ಇವರು ಬೆಳಗಾದಾಗಿನಿಂದ ಗಂಟೆ ಎಣಿಸುತ್ತಾರೆ: ನಮ್ಮ ಏಳು ಗಂಟೆ ಎಂದರೆ ಇವರಿಗೆ ಒಂದು. ನಾಲ್ಕು ಎಂದರೆ ಬೆಳಿಗ್ಗೆ ಹತ್ತು. ಸಭೆಯ ಹೊತ್ತು ಕಳೆದು ಆರು ತಾಸಾಗಿತ್ತು.

ಭಾನುವಾರ ಪಟ್ಟಣದ ಒಂದು ಗುಜರಾತಿ ಅಂಗಡಿಯವರ ಮನೆಗೆ ಹೋಗುತ್ತೇನೆ, ಅನ್ನ, ದಾಲ್ ಸಿಗುತ್ತದೆ. ಸೋಮವಾರ ಮತ್ತೆ ಕುರ್ಚಿ. ಅಮ್ಮನಿಗೆ ಎಲ್ಲ ಚೆನ್ನಾಗಿದೆ ಎಂದೇ ಹೇಳಿದ್ದೇನೆ. ಹೀಗೆ ಹೋಗಿ ನೆಲೆ ನಿಂತವರು ಯಾರಾದರೂ ಇದ್ದರೆ ಹೇಳಿ: ಎಷ್ಟು ದಿನಕ್ಕೆ ಅದು ನಿಮ್ಮ ಊರಾಯಿತು? ಅಥವಾ ಆರು ತಿಂಗಳಿಗೆ ಗಂಟುಮೂಟೆ ಕಟ್ಟುವುದೇ ಸರಿಯೇ?

ಹೇಮಾವತಿ ದಂಡೆ
ನಾಯಿ ಮಲಗಿತ್ತು ಎಂಬಲ್ಲಿ ನಕ್ಕುಬಿಟ್ಟೆ, ಕ್ಷಮಿಸಿ. ನಮ್ಮ ಪಂಚಾಯಿತಿ ಸಭೆಗೆ ಸರಿಯಾದ ಹೊತ್ತಿಗೆ ಹೋದರೂ ಅಷ್ಟೇ ಜನ ಇರುತ್ತಾರೆ.

ಕಹಿ ಮಾತು
ಕೇಳಲೇಬೇಕಾದ ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸೇವೆ ಮಾಡಲು ಉಗಾಂಡಾಕ್ಕೇ ಹೋಗಬೇಕೇ? ಆಲೂರು ತಾಲ್ಲೂಕಿನಲ್ಲಿ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಐದು ತರಗತಿಗೆ ಒಬ್ಬರೇ ಮೇಷ್ಟ್ರು. ಆನೆ ಬಂದರೆ ಶಾಲೆಗೆ ರಜೆ. ಇಲ್ಲಿ ಒಂದು ಕುರ್ಚಿ ಖಾಲಿ ಇದೆ, ಬನ್ನಿ. ಮೊದಲ ದಿನವೇ ಕೈತುಂಬ ಕೆಲಸ ಕೊಡುತ್ತೇವೆ.

ದೋಹಾದ ಹೊಳೆನರಸೀಪುರ
ಸಾರ್, ನೀವು ಆ ಶಾಲೆಗೆ ವಾರಕ್ಕೆ ಎಷ್ಟು ದಿನ ಹೋಗಿ ಪಾಠ ಮಾಡುತ್ತೀರಿ ಎಂದು ಮೊದಲು ಹೇಳಿ.

ಕಹಿ ಮಾತು
ಶನಿವಾರ ಹೋಗುತ್ತೇನೆ. ಗಣಿತ. ಇನ್ನೇನಾದರೂ?

ದೋಹಾದ ಹೊಳೆನರಸೀಪುರ
ಇಲ್ಲ. ಮಾತು ಹಿಂದಕ್ಕೆ ತೆಗೆದುಕೊಂಡೆ. 🙏

ಕಳಸದ ಕಣ
ತಂಗಿ, ನೀನು ಹೋಗಿರುವುದು ರೋಬಸ್ಟಾದ ತವರಿಗೆ. ನಾವು ಇಲ್ಲಿ ನೆಟ್ಟು ಬೆಳೆಸುವ ಗಿಡ ಅಲ್ಲಿ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವಲ್ಲ, ಅದು ಅರೇಬಿಕಾದ ಕಥೆ. ರೋಬಸ್ಟಾದ ಅಜ್ಜನ ಮನೆ ನೀನಿರುವ ಕಡೆ. ಸುಮ್ಮನೆ ಕುರ್ಚಿಯಲ್ಲಿ ಕೂರಬೇಡ, ತೋಟಕ್ಕೆ ಇಳಿ. ನೆರಳು ಹೇಗಿದೆ, ಚಿಗುರು ಕಸಿ ಹೇಗೆ ಮಾಡುತ್ತಾರೆ, ಎಲ್ಲಿ ಒಣಗಿಸುತ್ತಾರೆ, ಒಂದೊಂದೂ ನೋಡಿ ಬರೆ. ನಮಗೂ ತಿಳಿಯಲಿ.

ಆಲ್ದೂರಿನವಳು
ಕಳಸದ ಅಣ್ಣ, ನೆರಳಿಗೆ ಇವರಿಗೆ ಬಾಳೆಯೇ ಮುಖ್ಯ. ನಮ್ಮ ಹಾಗೆ ಎತ್ತರದ ಕಾಡುಮರ, ಮೆಣಸಿನ ಬಳ್ಳಿ ಇಲ್ಲ. ಮನೆಯ ಸುತ್ತ ಒಂದೆರಡು ಎಕರೆ, ಬಾಳೆಯ ಮಧ್ಯೆ ಕಾಫಿ. ಈಗ ಇಲ್ಲಿ ಕೊಯ್ಲು. ನಮ್ಮಲ್ಲಿ ಮಳೆಗೆ ಮುಂಚೆ ಗಿಡಕ್ಕೆ ಬೋರ್ಡೋ ಔಷಧ ಸಿಂಪಡಿಸುವ ಹೊತ್ತಿಗೆ ಇಲ್ಲಿ ಕುಕ್ಕೆ ಹಿಡಿದು ಹೊರಡುತ್ತಾರೆ, ನೋಡಿದರೆ ತಲೆ ತಿರುಗುತ್ತದೆ. ಒಣಗಿದ ಚೆರಿಗೆ, ಅಂದರೆ ಕಾಫಿ ಹಣ್ಣಿಗೆ, ಇಲ್ಲಿ ಕಿಬೋಕೋ ಎನ್ನುತ್ತಾರೆ. ಹಲವರು ಬರಿಯ ನೆಲದ ಮೇಲೆ ಹರಡುತ್ತಾರೆ. ಅದನ್ನು ಕಂಡಾಗ ನನ್ನ ಕೈ ತುರಿಸುತ್ತದೆ.

ವಿಚಿತ್ರವೆಂದರೆ ಇಷ್ಟು ಕಾಫಿ ಬೆಳೆದೂ ಕುಡಿಯುವುದು ಚಹಾ.

ಹೇಮಾವತಿ ದಂಡೆ
ಸಕಲೇಶಪುರದಲ್ಲಿಯೂ ಆಳುಗಳಿಗೆ ಹತ್ತು ಗಂಟೆಗೆ ಕೊಡುವುದು ಚಹಾವೇ ಅಲ್ಲವೇ? ಒಳ್ಳೆಯ ಬೀಜ ಹಡಗು ಹತ್ತುತ್ತದೆ, ನಮಗೆ ಚಿಕೋರಿ ಉಳಿಯುತ್ತದೆ.

ಕಳಸದ ಕಣ
ನೆಲದ ಮೇಲೆ ಒಣಗಿಸಿದರೆ ಮಣ್ಣಿನ ವಾಸನೆ ಹಿಡಿಯುತ್ತದೆ, ಬೂಷ್ಟು ಬರುತ್ತದೆ, ದರ ಬೀಳುತ್ತದೆ. ಟಾರ್ಪಾಲು ಹಾಸಲು ಹೇಳು. ಸಿಮೆಂಟು ಕಣಕ್ಕೆ ಸಂಘದಿಂದ ಸಾಲ ಕೊಡಿಸು. ನಾಳೆಯೇ ಹೇಳು.

ಮಲಾವಿಯಿಂದ ಮರಳಿದವನು
ದಯವಿಟ್ಟು ನಾಳೆ ಹೇಳಬೇಡಿ!

ನಾನು ಕಡೂರಿನವನು, ಮಲಾವಿಯ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಎರಡು ವರ್ಷ ಪ್ರಯೋಗಾಲಯದ ಕೆಲಸದಲ್ಲಿ ಸ್ವಯಂಸೇವಕನಾಗಿದ್ದೆ. ಹೋದ ಎರಡನೆಯ ವಾರವೇ ಎಲ್ಲವನ್ನೂ ತಿದ್ದಲು ಹೊರಟೆ. ರಕ್ತದ ಮಾದರಿ ಇಡುವ ಕ್ರಮ ತಪ್ಪು, ದಾಖಲೆ ಬರೆಯುವ ಕ್ರಮ ತಪ್ಪು, ಕಸದ ಡಬ್ಬಿ ಇಟ್ಟ ಜಾಗ ತಪ್ಪು. ಎಲ್ಲರೂ "ಹೌದು, ಹೌದು" ಎಂದರು. ನಾನು ಬದಲಿಸಿದ್ದೆಲ್ಲ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲಿನಂತೆಯೇ ಆಗಿರುತ್ತಿತ್ತು. ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು.

ಐದನೆಯ ತಿಂಗಳಿನಲ್ಲಿ ತಿಳಿಯಿತು, ಅವರು ಆ ಡಬ್ಬಿಯನ್ನು ಅಲ್ಲಿ ಇಟ್ಟದ್ದು ಮಳೆ ಬಂದಾಗ ಸೂರು ಸೋರುವ ಜಾಗದಲ್ಲಿ. ಅದು ಕಸದ ಡಬ್ಬಿಯೂ ಹೌದು, ನೀರು ಹಿಡಿಯುವ ಡಬ್ಬಿಯೂ ಹೌದು. ನಾನು ಹೋದದ್ದು ಮಳೆಯಿಲ್ಲದ ತಿಂಗಳಿನಲ್ಲಿ.

ನಿಮ್ಮ ಕಾರ್ಯದರ್ಶಿ ಪುಸ್ತಕ ಕೊಡದಿರುವುದಕ್ಕೂ ಏನೋ ಕಾರಣ ಇರುತ್ತದೆ. ಯೋಚಿಸಿ: ಆಲ್ದೂರಿನ ನಿಮ್ಮ ಸಂಘಕ್ಕೆ ಒಬ್ಬ ಪರದೇಶದವನು ಬಂದು ಲೆಕ್ಕದ ಪುಸ್ತಕ ಕೇಳಿದ್ದರೆ ಮೊದಲ ವಾರ ಕೊಡುತ್ತಿದ್ದಿರಾ?

ಆಲ್ದೂರಿನವಳು
ಕೊಡುತ್ತಿರಲಿಲ್ಲ. ಆಡಿಟರ್‌ಗೆ ಕೊಡಲೇ ನಮ್ಮ ಅಧ್ಯಕ್ಷರು ಹಿಂದೆ ಮುಂದೆ ನೋಡುತ್ತಿದ್ದರು.

ಬಾಣಾವರದ ಸೈಕಲ್
ನಾನು ಬಿ.ಎ. ಮುಗಿಸಿದ್ದೇನೆ. ಹೀಗೆ ಹೋಗುವುದು ಹೇಗೆ? ಸಂಬಳ ಎಷ್ಟು? ಒಬ್ಬರು ಐವತ್ತು ಸಾವಿರ ಕಟ್ಟಿದರೆ ಕಳಿಸುತ್ತೇನೆ ಎನ್ನುತ್ತಿದ್ದಾರೆ.

ಮಲಾವಿಯಿಂದ ಮರಳಿದವನು
ಬಾಣಾವರದವರೇ, ಒಂದು ರೂಪಾಯಿಯನ್ನೂ ಕಟ್ಟಬೇಡಿ. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ 1970ರಲ್ಲಿ ಅದರ ಸಾಮಾನ್ಯ ಸಭೆಯ ನಿರ್ಣಯದಿಂದ ಆರಂಭವಾದದ್ದು, ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ಅರ್ಜಿಗೆ ಯಾವ ಶುಲ್ಕವೂ ಇಲ್ಲ. ಬ್ರಿಟನ್‌ನಲ್ಲಿ 1958ರಲ್ಲಿ ಆರಂಭವಾದ ವಿ.ಎಸ್.ಓ. ಎಂಬ ಸ್ವಯಂಸೇವಾ ಸಂಸ್ಥೆಯೂ ಇದೆ. ಇವರು ಕೊಡುವುದು ಸಂಬಳವಲ್ಲ, ಅಲ್ಲಿ ಬದುಕಲು ಬೇಕಾಗುವಷ್ಟು ಭತ್ಯೆ. ಮನೆಗೆ ಕಳಿಸಲು ಉಳಿಯುತ್ತದೆ ಎಂದು ಲೆಕ್ಕ ಹಾಕಿ ಹೋಗಬೇಡಿ. ಅವರು ಕೇಳುವುದು ಕೆಲಸದ ಅನುಭವ. ಬರೀ ಪದವಿ ಹಿಡಿದು ಹೋದರೆ ಕಷ್ಟ. ಮೊದಲು ಇಲ್ಲಿಯೇ ಏನಾದರೂ ಒಂದು ಕೆಲಸ ಎರಡು ಮೂರು ವರ್ಷ ಮಾಡಿ.

ದುಡ್ಡು ಕಟ್ಟಿಸಿಕೊಂಡು ಎರಡು ವಾರ ಶಾಲೆಯ ಗೋಡೆಗೆ ಬಣ್ಣ ಬಳಿಸಿ ಫೋಟೊ ತೆಗೆಸಿ ಕಳಿಸುವ ಕಂಪನಿಗಳೂ ಇವೆ. ಅದಕ್ಕೆ ಪ್ರವಾಸ ಎನ್ನಿ, ಜಗಳವಿಲ್ಲ.

ಇನ್ನೊಂದು ಮಾತು. ಉಗಾಂಡಾದಂಥ ಕಡೆಗೆ ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡರೆ ಮಾತ್ರ ಪ್ರಮಾಣಪತ್ರಕ್ಕೆ ಬೆಲೆ. ಎಲ್ಲ ಆಸ್ಪತ್ರೆಗಳಲ್ಲಿ ಹಾಕುವುದಿಲ್ಲ, ಗೊತ್ತುಪಡಿಸಿದ ಕೇಂದ್ರಕ್ಕೇ ಹೋಗಬೇಕು. 2016ರಿಂದ ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಆ ಹಳದಿ ಪುಸ್ತಕ ಕಳೆದುಕೊಂಡು ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಊರಿಗೆ ಬಂದೂ ಊರು ಕಾಣದ ಹಾಗೆ.

ಚನ್ನರಾಯಪಟ್ಟಣದ ಅಮ್ಮ
ಮಗಳೇ, ನಾನು ಇಲ್ಲಿ ಬರೆಯುವವಳಲ್ಲ, ಮಗ ಹಾಕಿಕೊಟ್ಟಿದ್ದಾನೆ. ನನ್ನ ದೊಡ್ಡ ಮಗಳೂ ಎರಡು ವರ್ಷ ಕಾಂಬೋಡಿಯಾದಲ್ಲಿ ಹೀಗೇ ಇದ್ದಳು. ಫೋನಿನಲ್ಲಿ ದಿನವೂ "ಎಲ್ಲ ಚೆನ್ನಾಗಿದೆ" ಎನ್ನುತ್ತಿದ್ದಳು. ನಮಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೀರಾ? "ಏನು ಅಡುಗೆ ಮಾಡಿದ್ದೀಯಮ್ಮ" ಎಂದು ಅವಳು ಎರಡು ಸಲ ಕೇಳಿದ ದಿನ ನಾನು ರಾತ್ರಿ ಮಲಗುತ್ತಿರಲಿಲ್ಲ. ನಿನ್ನ ತಾಯಿಗೆ ಕಷ್ಟ ಹೇಳು. ಪರಿಹಾರ ಅವರ ಹತ್ತಿರ ಇರುವುದಿಲ್ಲ, ಹೇಳಿದರೆ ಇಬ್ಬರಿಗೂ ನಿದ್ದೆ ಬರುತ್ತದೆ ಅಷ್ಟೇ. ನೆಂಟರು "ಮದುವೆ ವಯಸ್ಸಿನ ಹುಡುಗಿಯನ್ನು ಆಫ್ರಿಕಾಕ್ಕೆ ಕಳಿಸಿದ್ದೀರಲ್ಲ" ಎಂದು ಅವರನ್ನು ತಿನ್ನುತ್ತಿರುತ್ತಾರೆ, ನನಗೆ ಅದೂ ಗೊತ್ತು.

ಆ ಹುಡುಗಿಯನ್ನು ಎಬ್ಬಿಸಿದೆ ಎಂದೆಯಲ್ಲ. ನಮ್ಮ ಮನೆಗೆ ಬಂದವರ ಕಾಲಿಗೆ ಮಗು ನಮಸ್ಕಾರ ಮಾಡುವಾಗ ಬಂದವರು ಕಾಲು ಹಿಂದಕ್ಕೆ ಎಳೆದುಕೊಂಡರೆ ನನಗೆ ಹೇಗಾಗುತ್ತದೆ? ಏನಾದರೂ ಸಿಹಿ ತೆಗೆದುಕೊಂಡು ಹೋಗಿ ಬಾ.

ನಿವೃತ್ತ ಮೇಷ್ಟ್ರು, ಅರಸೀಕೆರೆ
ಈ ಕಥೆಯನ್ನು ನಾನು ಇನ್ನೊಂದು ತುದಿಯಿಂದ ಕಂಡಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾದರೂ ಬರೆಯುತ್ತೇನೆ.

ಅಮೆರಿಕದವರ ಪೀಸ್ ಕೋರ್ 1961ರಲ್ಲಿ ಹುಟ್ಟಿತು. ಅದೇ ವರ್ಷ ಭಾರತಕ್ಕೂ ಅದರ ಸ್ವಯಂಸೇವಕರು ಬಂದರು, 1976ರವರೆಗೆ ಇದ್ದರು. ಇದು ಇನ್ನೂ ಮೈಸೂರು ರಾಜ್ಯವಾಗಿದ್ದ ಕಾಲದಲ್ಲಿ ನಮ್ಮೂರಿಗೂ ಒಬ್ಬ ಬಂದ. ನನಗೆ ಆಗ ಹನ್ನೆರಡು ವರ್ಷ. ಆರಡಿ ಎತ್ತರ, ಕೆಂಪು ಕೂದಲು, ಪಂಚೆಯ ಮೇಲೆ ಬೆಲ್ಟು. ಕೋಳಿ ಸಾಕಣೆ ಕಲಿಸಲು ಬಂದಿದ್ದೇನೆ ಎಂದ. ಅವನು ಬೇಕೆಂದು ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ಅರ್ಧ ಊರು ಕೋಳಿ ಮುಟ್ಟುವುದಿಲ್ಲ, ಇನ್ನರ್ಧಕ್ಕೆ ಕೋಳಿ ಸಾಕುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೊದಲ ಆರು ತಿಂಗಳು ಅವನು ಗೂಢಚಾರನೆಂದೇ ಪಟೇಲರು ನಂಬಿದ್ದರು. ನಮ್ಮೂರಿನಲ್ಲಿ ಕದಿಯಲು ಯಾವ ಗುಟ್ಟು ಇತ್ತೋ, ದೇವರಿಗೇ ಗೊತ್ತು.

ಅವನಿಗೂ ಒಂದು ಕುರ್ಚಿ ಕೊಟ್ಟಿದ್ದೆವು. ಪಂಚಾಯಿತಿಯ ಕುರ್ಚಿ. ಒಂದು ತಿಂಗಳು ಕೂತ. ಆಮೇಲೆ ಅದನ್ನು ಬಿಟ್ಟು ಅರಳಿಕಟ್ಟೆಯ ಮೇಲೆ ಬಂದು ಕೂತ. ನಾವು ಹುಡುಗರು ಅವನಿಗೆ ಕನ್ನಡ ಕಲಿಸಿದೆವು, ಅರ್ಧ ಬೈಗುಳ, ಅರ್ಧ ಒಳ್ಳೆಯದು. ಒಂದು ಮದುವೆಯ ಊಟದಲ್ಲಿ ಪಂಕ್ತಿಯ ಮಧ್ಯೆ ಗಟ್ಟಿಯಾಗಿ "ಇನ್ನು ಸ್ವಲ್ಪ ಹುಲಿ ಹಾಕಿ" ಎಂದ. ಬಡಿಸುವವರು ಸೌಟು ಕೆಳಗಿಟ್ಟು ನಕ್ಕರು. ಅವತ್ತಿನಿಂದ ಅವನನ್ನು ಕರೆಯದೆ ಮದುವೆಯಾದವರಿಲ್ಲ.

ಬಿಳಿ ಲೆಗ್‌ಹಾರ್ನ್ ಕೋಳಿಗಳನ್ನು ತರಿಸಿದ. ರಾಣಿಕೇತ್ ರೋಗ ಬಂದು ಒಂದೇ ವಾರದಲ್ಲಿ ಮುಕ್ಕಾಲು ಸತ್ತವು. ಆ ಗೂಡಿನಲ್ಲಿ ನಂತರ ನಮ್ಮ ದೊಡ್ಡಪ್ಪ ಕೊಬ್ಬರಿ ತುಂಬಿದರು, ಅದು ಈಗಲೂ "ಕೋಳಿ ಮನೆ" ಎಂದೇ ಕರೆಸಿಕೊಳ್ಳುತ್ತದೆ.

ಕಹಿ ಮಾತು
ಮೇಷ್ಟ್ರೇ, ಕಥೆ ಚೆನ್ನಾಗಿದೆ. ಆದರೆ ಲೆಕ್ಕ ಏನಾಯಿತು? ಸಮುದ್ರ ದಾಟಿ ಬಂದ, ಕೋಳಿ ಸತ್ತವು, ಊರಿಗೆ ಮನರಂಜನೆ ಸಿಕ್ಕಿತು. ಇದಕ್ಕೆ ನಾಟಕ ಕಂಪನಿ ಸಾಕಿತ್ತು.

ನಿವೃತ್ತ ಮೇಷ್ಟ್ರು, ಅರಸೀಕೆರೆ
ಕೋಳಿಯ ಲೆಕ್ಕದಲ್ಲಿ ನಷ್ಟವೇ, ಒಪ್ಪುತ್ತೇನೆ. ಎರಡನೆಯ ವರ್ಷ ಏನಾಯಿತೆಂದರೆ, ಬಾವಿಗೆ ಪಂಪು ಹಾಕಿಸುವ ಸಾಲಕ್ಕೆ ಅರ್ಜಿ ಇಂಗ್ಲಿಷಿನಲ್ಲಿ ತುಂಬಬೇಕಾಗಿತ್ತು. ಊರಿನಲ್ಲಿ ಬರೆಯಬಲ್ಲವರು ಇಬ್ಬರು, ಇಬ್ಬರೂ ದುಡ್ಡು ಕೇಳುವವರು. ಒಬ್ಬ ರೈತ ಹೋಗಿ ಇವನನ್ನು ಕೇಳಿದ. ಆ ಮೇಲೆ ಕಟ್ಟೆಯ ಮುಂದೆ ಸಾಲು ನಿಂತಿತು. ಕೋಳಿಗೆಂದು ಬಂದವನು ಅರ್ಜಿ ಬರೆಯುವವನಾಗಿ ಹೋದ. ಅವನ ಸಂಸ್ಥೆಗೆ ಅವನು ಏನು ವರದಿ ಬರೆದನೋ ತಿಳಿಯದು. ನಮ್ಮ ಮನೆಯ ಪಂಪು ಅವನ ಅಕ್ಷರದಿಂದ ಬಂದದ್ದು.

ಕಹಿ ಮಾತು
ಸರಿ. ಪಂಪಿಗೆ ಅರ್ಧ ಅಂಕ ಕೊಟ್ಟೆ.

ದೋಹಾದ ಹೊಳೆನರಸೀಪುರ
ಮಲಾವಿಯ ಅಣ್ಣನವರೂ ಮೇಷ್ಟ್ರೂ ಹೇಳಿದ್ದು ಸರಿ ಇರಬಹುದು, ಆದರೆ ಒಂದು ಮಾತು ಬಿಟ್ಟಿದ್ದೀರಿ. ಹೊರಗೆ ಬಂದವರಿಗೆ ಮೊದಲು ಬೇಕಾಗುವುದು ನಮ್ಮವರು. ನಾನು ಹನ್ನೊಂದು ವರ್ಷ ಇಲ್ಲಿ ಒಂದು ಕೋಣೆಯಲ್ಲಿ ಆರು ಜನರ ಜೊತೆ ಇದ್ದೇನೆ, ಮೂವರು ಹಾಸನ ಜಿಲ್ಲೆಯವರು. ಅವರಿಲ್ಲದಿದ್ದರೆ ಮೊದಲ ವರ್ಷವೇ ಓಡಿ ಬರುತ್ತಿದ್ದೆ. ತಂಗಿ, ಗುಜರಾತಿಯವರ ಮನೆಗೆ ಹೋಗುವುದನ್ನು ಯಾರ ಮಾತು ಕೇಳಿಯೂ ಬಿಡಬೇಡಿ. ಹೊಟ್ಟೆಗೆ ಅನ್ನ ಬಿದ್ದರೆ ಅರ್ಧ ಚಿಂತೆ ಕಡಿಮೆ.

ಮಲಾವಿಯಿಂದ ಮರಳಿದವನು
ಬಿಡಿ ಎಂದು ನಾನು ಹೇಳಿಲ್ಲ. ಪ್ರತಿ ಭಾನುವಾರ ಬೇಡ ಎನ್ನುತ್ತೇನೆ. ದೋಹಾದಲ್ಲಿ ನೀವು ದುಡಿಯಲು ಹೋದವರು, ಕೆಲಸ ಮುಗಿದ ಮೇಲೆ ಕೋಣೆ ನಿಮ್ಮದು. ಇವರು ಹೋಗಿರುವುದು ಹಳ್ಳಿಯ ಜನರ ಜೊತೆ ಇರಲು. ಭಾನುವಾರ ಹಳ್ಳಿಯಲ್ಲಿ ಮದುವೆ, ಚರ್ಚು, ತಿಥಿಯೂಟ ಎಲ್ಲ ನಡೆಯುತ್ತದೆ. ಇವರು ಆ ದಿನವೇ ಪಟ್ಟಣದಲ್ಲಿ ದಾಲ್ ತಿನ್ನುತ್ತಿದ್ದರೆ ಇವರ ಮುಖ ಪರಿಚಯವಾಗುವುದು ಯಾವಾಗ?

ಅದಲ್ಲದೆ ಉಗಾಂಡಾದಲ್ಲಿ ಇದಕ್ಕೆ ಹಳೆಯ ಗಾಯವೂ ಇದೆ. 1972ರಲ್ಲಿ ಈದಿ ಅಮೀನ್ ಅಲ್ಲಿಯ ಏಷ್ಯಾ ಮೂಲದವರಿಗೆ 90 ದಿನಗಳ ಗಡುವು ಕೊಟ್ಟು ಹೊರಗೆ ಹಾಕಿದ. ಅಂಗಡಿ, ಗಿರಣಿ, ಮನೆ ಎಲ್ಲ ಬಿಟ್ಟು ಪೆಟ್ಟಿಗೆ ಹಿಡಿದು ಹೋದರು. ಕೆಲವರು ಮರಳಿ ಬಂದಿದ್ದಾರೆ, ವ್ಯಾಪಾರ ಮತ್ತೆ ದೊಡ್ಡದಾಗಿದೆ. ಹಳ್ಳಿಯವರಿಗೆ ಇಂಡಿಯಾದವರು ಎಂದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. ಇವರನ್ನೂ ಹಾಗೆಯೇ ನೋಡುತ್ತಾರೆ, ನೋಡದೆ ಇನ್ನೇನು ಮಾಡುತ್ತಾರೆ? ಮಕ್ಕಳು ಕೂಗುವ ಆ ಒಂದು ಪದದಲ್ಲಿ ಇಷ್ಟೆಲ್ಲ ಇರಬಹುದು.

ದೋಹಾದ ಹೊಳೆನರಸೀಪುರ
ದುಡಿಯಲು ಹೋದವರು ಎಂಬ ಮಾತಿನಲ್ಲಿ ಸ್ವಲ್ಪ ಚುಚ್ಚಿತು, ಇರಲಿ. ಸೇವೆಗೆ ಹೋದವರಿಗೆ ಹಿಂದೆ ಬರುವ ಟಿಕೆಟ್ ಸಂಸ್ಥೆ ಕೊಡುತ್ತದೆ. ನಮಗೆ ಬಡ್ಡಿ ಸಾಲ ಟಿಕೆಟ್ ಕೊಟ್ಟಿತ್ತು.

ಮಲಾವಿಯಿಂದ ಮರಳಿದವನು
ತಪ್ಪಾಯಿತು ಅಣ್ಣ. ಆ ಅರ್ಥದಲ್ಲಿ ಬರೆದದ್ದಲ್ಲ. ನೀವು ಹೇಳಿದ್ದು ನಿಜ, ನನಗೆ ಬೇಡವೆನಿಸಿದರೆ ಯಾವತ್ತು ಬೇಕಾದರೂ ಹೊರಡಬಹುದಿತ್ತು.

ಹುಳಿ ಮುದ್ದೆ
ಅಲ್ಲಿ ಮುದ್ದೆ ಸಿಗುತ್ತದೆಯೇ? ಯಾರೂ ಮುಖ್ಯವಾದದ್ದನ್ನು ಕೇಳುತ್ತಲೇ ಇಲ್ಲ.

ಆಲ್ದೂರಿನವಳು
ಸಿಗುತ್ತದೆ! ಕಾಲೋ ಎನ್ನುತ್ತಾರೆ. ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿ ತಿರುವುತ್ತಾರೆ. ಬಣ್ಣ ನಮ್ಮದೇ, ಜಿಗುಟು ಸ್ವಲ್ಪ ಜಾಸ್ತಿ. ಹುಲ್ಲಿನ ಬುಟ್ಟಿಯಲ್ಲಿ ಇಟ್ಟು ಮುಚ್ಚುತ್ತಾರೆ, ಬಿಸಿ ಆರುವುದಿಲ್ಲ. ಎಲ್ಲರೂ ಅದರಿಂದಲೇ ಮುರಿದುಕೊಳ್ಳುತ್ತಾರೆ.

ನಿವೃತ್ತ ಮೇಷ್ಟ್ರು, ಅರಸೀಕೆರೆ
ಆಶ್ಚರ್ಯವೇನಿಲ್ಲ. ರಾಗಿಯ ಮೂಲವೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಉಗಾಂಡಾ ಮತ್ತು ಇಥಿಯೋಪಿಯಾ ಕಡೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂದದ್ದು.

ಹುಳಿ ಮುದ್ದೆ
ಏನು? ರಾಗಿ ಹಾಸನದ್ದಲ್ಲವೇ?!

ಕಳಸದ ಕಣ
ಇನ್ನು ಮುಂದೆ ಬಯಲುಸೀಮೆಯವರು ಮುದ್ದೆಯ ವಿಷಯದಲ್ಲಿ ಬೀಗಬಾರದು. ನಮ್ಮ ಅಕ್ಕಿರೊಟ್ಟಿ, ಕಡುಬಿಗೆ ಯಾರೂ ಹೊರಗಿನಿಂದ ಬರಬೇಕಾಗಿರಲಿಲ್ಲ.

ಹುಳಿ ಮುದ್ದೆ
ಕಡುಬು ತಿಂದು ಮಧ್ಯಾಹ್ನ ಮಲಗುವವರು ಮಾತನಾಡಬೇಡಿ. ಅಕ್ಕ, ಅವರು ಕಾಲೋ ನುಂಗುತ್ತಾರೋ, ಅಗಿಯುತ್ತಾರೋ? ಅದನ್ನು ಹೇಳಿ, ಅವರು ನೆಂಟರೋ ಅಲ್ಲವೋ ಎಂದು ತೀರ್ಮಾನಿಸುತ್ತೇನೆ.

ಮಲಾವಿಯಿಂದ ಮರಳಿದವನು
ನವೆಂಬರ್ ಬರಲಿ. ಮಸಾಕಾದ ಕಡೆ ಮಿಡತೆಯ ಸುಗ್ಗಿ. ರಾತ್ರಿ ದೊಡ್ಡ ದೀಪ ಹಚ್ಚಿ, ತಗಡು ನಿಲ್ಲಿಸಿ, ಡ್ರಮ್ಮುಗಳಲ್ಲಿ ಹಿಡಿಯುತ್ತಾರೆ ಎಂದು ಅಲ್ಲಿದ್ದ ಗೆಳೆಯ ಹೇಳುತ್ತಿದ್ದ. ರೆಕ್ಕೆ, ಕಾಲು ಕಿತ್ತು ಈರುಳ್ಳಿ ಹಾಕಿ ಹುರಿದು ಕೊಡುತ್ತಾರೆ. ಆಗ ತಿಳಿಯುತ್ತದೆ ಯಾರು ನೆಂಟರೆಂದು.

ಹೇಮಾವತಿ ದಂಡೆ
ಮಲೆನಾಡಿನವರಿಗೆ ಅದೇನು ಹೊಸದೇ? ಕೆಂಜಿರುವೆಯ ಚಗಳಿ ಚಟ್ನಿ ನೆಕ್ಕಿದವರು ಮಿಡತೆಗೆ ಹೆದರುತ್ತಾರೆಯೇ.

ನಿರ್ವಾಹಕ
ಮುದ್ದೆ, ಕಡುಬು, ಕೆಂಜಿರುವೆಗಳಿಗೆ ಬೇರೆ ಚರ್ಚೆ ತೆರೆದಿದ್ದೇನೆ. ಇಲ್ಲಿ ವಿಷಯಕ್ಕೆ ಬನ್ನಿ.

ಹುಳಿ ಮುದ್ದೆ
ಆ ಚರ್ಚೆಗೆ ಹೋಗಿ ನೋಡಿದೆ, ಯಾರೂ ಇಲ್ಲ. ಒಂದು ನಾಯಿ ಮಲಗಿದೆ.

ಬಾಳೆಹೊನ್ನೂರಿನ ಮಳೆ
ಗಂಟೆಯ ಲೆಕ್ಕದ ಬಗ್ಗೆ ಒಂದು ಮಾತು, ತಡವಾಗಿ ಓದಿದೆ. ಬೆಳಗಿನಿಂದ ಎಣಿಸುವುದು ನಮಗೂ ಇತ್ತು. ಪಂಚಾಂಗದಲ್ಲಿ ಸೂರ್ಯೋದಯದಿಂದ ಇಷ್ಟು ಗಳಿಗೆ ಎಂದು ಬರೆಯುತ್ತಾರಲ್ಲ, ಗಳಿಗೆಗೆ 24 ನಿಮಿಷ. ನಮ್ಮಜ್ಜಿ "ಹೊತ್ತು ಹುಟ್ಟಿ ಐದು ಗಳಿಗೆಗೆ" ಎಂದರೆ ನಾವು ಗಡಿಯಾರ ನೋಡಿ ಪೇಚಾಡುತ್ತಿದ್ದೆವು. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಹಗಲು ಹನ್ನೆರಡು ತಾಸು, ಹೊತ್ತು ಹುಟ್ಟುವುದು ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ಅವರ ಲೆಕ್ಕವೇ ಹೆಚ್ಚು ನೇರ ಎನ್ನಬೇಕು.

ಕಳಸದ ಕಣ
ಟಾರ್ಪಾಲಿನ ವಿಷಯ ಏನಾಯಿತು?

ಆಲ್ದೂರಿನವಳು
ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಓದಿದೆ, ಕೆಲವನ್ನು ಎರಡೆರಡು ಸಲ.

ಮೊದಲು ಚನ್ನರಾಯಪಟ್ಟಣದ ಅಮ್ಮನವರಿಗೆ: ಅಮ್ಮನಿಗೆ ಹೇಳಿದೆ. ಅವರು "ಗೊತ್ತಿತ್ತು" ಎಂದರು, ಆಮೇಲೆ ಪಕ್ಕದ ತೋಟದವರ ಬೇಲಿಯ ಜಗಳವನ್ನು ಅರ್ಧ ಗಂಟೆ ಹೇಳಿದರು. ಅವತ್ತು ಚೆನ್ನಾಗಿ ನಿದ್ದೆ ಬಂತು.

ಪಕ್ಕದ ಮನೆಗೆ ಸಕ್ಕರೆ, ಸೋಪು ತೆಗೆದುಕೊಂಡು ಹೋದೆ. ಸಿಹಿ ಸಿಗಲಿಲ್ಲ, ಇಲ್ಲಿ ಹೀಗೇ ಒಯ್ಯುತ್ತಾರಂತೆ. ಹುಡುಗಿ ಮತ್ತೆ ಮಂಡಿಯೂರಿದಳು. ನಾನು ಈ ಸಲ ಏನೂ ಮಾಡದೆ ಅವಳ ಮಾತು ಮುಗಿಯುವವರೆಗೆ ನಿಂತೆ. ಒಳಗಿನಿಂದ ಅವಳಜ್ಜಿ ಸಣ್ಣ ಬುಟ್ಟಿಯಲ್ಲಿ ಬೇಯಿಸಿ ಒಣಗಿಸಿದ ಕಾಫಿ ಹಣ್ಣುಗಳನ್ನು ತಂದು ಹಿಡಿದರು. ಅಗಿಯಲಿಕ್ಕೆ! ಬಂದವರಿಗೆ ಇಲ್ಲಿ ನಮ್ಮ ಎಲೆಯಡಿಕೆಯ ಹಾಗೆ ಅದನ್ನು ಕೊಡುತ್ತಾರೆ. ಹಿಂದಿನ ಕಾಲದಲ್ಲಿ ಒಂದೇ ಹಣ್ಣಿನ ಎರಡು ಬೀಜಗಳನ್ನು ಇಬ್ಬರು ಹಂಚಿಕೊಂಡು ಒಡಹುಟ್ಟಿದವರಾಗುವ ಪದ್ಧತಿಯೂ ಇತ್ತಂತೆ. ಹುಟ್ಟಿದಾಗಿನಿಂದ ಕಾಫಿಯ ಮಧ್ಯೆ ಬೆಳೆದವಳು, ಅಗಿದದ್ದು ಮೊದಲ ಸಲ. ಕಹಿ, ಆದರೆ ಕೆಟ್ಟ ಕಹಿಯಲ್ಲ.

ಕುರ್ಚಿ ಬಿಟ್ಟೆ. ಸಂಘದ ಹೊರಗೆ ಚೆರಿ ತರುವ ಕಡೆ ಹೋಗಿ ಚೀಲ ಹಿಡಿಯತೊಡಗಿದೆ. ಕಳಸದ ಅಣ್ಣ, ಟಾರ್ಪಾಲಿನ ಮಾತು ಎತ್ತಲಿಲ್ಲ. ನಾಲ್ಕನೆಯ ದಿನ ಒಬ್ಬರು ತಾವಾಗಿಯೇ ಹೇಳಿದರು: ಟಾರ್ಪಾಲು ಇದೆ, ಮಳೆಯಲ್ಲಿ ಮಕ್ಕಳು ಮಲಗುವ ಕೋಣೆಯ ಸೂರಿನ ಮೇಲೆ ಇದೆ. ಮಲಾವಿಯ ಡಬ್ಬಿಯೇ ನೆನಪಾಯಿತು.

ಮಾತಿಗೆ ಮಾತು ಬಂದು ಇನ್ನೊಂದು ತಿಳಿಯಿತು. ಇಲ್ಲಿ ಎಲ್ಲರಿಗೂ ಇರುವ ಒಂದೇ ದೂರು ತೂಕದ್ದು. ಅಂಗಳಕ್ಕೆ ಬಂದು ಕೊಳ್ಳುವ ವ್ಯಾಪಾರಿಯ ತಕ್ಕಡಿ ಯಾವಾಗಲೂ ಕಡಿಮೆ ತೋರಿಸುತ್ತದೆ ಎಂದು. ಸಂಘದ ತಕ್ಕಡಿ ಸರಿಯಾಗಿಯೇ ಇದೆ, ನಾನು ನೋಡಿದ್ದೇನೆ. ಆದರೆ ತೂಗುವವರು ಕಾರ್ಯದರ್ಶಿಯ ಭಾವಮೈದುನ. ಅದಕ್ಕಾಗಿ ಜನ ಸಂಘಕ್ಕೂ ಅರ್ಧ ಮನಸ್ಸಿನಿಂದ ತರುತ್ತಾರೆ. ಭಾವಮೈದುನನನ್ನು ತೆಗೆದರೆ ಇನ್ನೊಬ್ಬರ ಅಣ್ಣನ ಮಗ ಬರುತ್ತಾನೆ. ಹಳ್ಳಿಯಲ್ಲಿ ಯಾರೂ ಯಾರಿಗೂ ಏನೂ ಅಲ್ಲದವರು ಇಲ್ಲವೇ ಇಲ್ಲ.

ಕಳೆದ ಸೋಮವಾರ ಇದೇ ಜಗಳ ಜೋರಾಯಿತು. ಒಬ್ಬ ಮುದುಕರು ಕೋಲಿನಿಂದ ನನ್ನ ಕಡೆ ತೋರಿಸಿ ಏನೋ ಅಂದರು, ಎಲ್ಲರೂ ನಕ್ಕರು, ಕಾರ್ಯದರ್ಶಿಗಳು ನಗಲಿಲ್ಲ. "ಆ ಮುಹಿಂದಿ ಕೂರಲಿ, ಅವಳು ಯಾರ ನೆಂಟಳೂ ಅಲ್ಲ" ಎಂದರಂತೆ. ಅವತ್ತಿನಿಂದ ತಕ್ಕಡಿಯ ಪಕ್ಕ ಕೂತು ತೂಕ ಓದಿ, ಗಟ್ಟಿಯಾಗಿ ಹೇಳಿ, ಚೀಟಿ ಬರೆದು ಕೊಡುತ್ತಿದ್ದೇನೆ. ಇಲ್ಲಿಯ ಲುಗಾಂಡಾ ಭಾಷೆಯ ಅಂಕಿಗಳನ್ನು ಪಕ್ಕದ ಮನೆಯ ಹುಡುಗಿ ಕಲಿಸಿದಳು. ತಪ್ಪು ಹೇಳಿದರೆ ಸಾಲಿನಲ್ಲಿ ಇರುವವರೆಲ್ಲ ಒಟ್ಟಿಗೆ ತಿದ್ದುತ್ತಾರೆ. ಚೀಟಿಗಳನ್ನು ಸಂಜೆ ಸೇರಿಸಿದರೆ ಅದೇ ಲೆಕ್ಕದ ಪುಸ್ತಕ ಎಂದು ಮೂರನೆಯ ದಿನ ಹೊಳೆಯಿತು. ನಾನು ಬಾಯಿ ಬಿಡಲಿಲ್ಲ. ನಿನ್ನೆ ಕಾರ್ಯದರ್ಶಿಗಳೇ ಹಳೆಯ ಪುಸ್ತಕ ತಂದು "ಇದಕ್ಕೆ ಹೊಂದುತ್ತದೆಯೇ ನೋಡು" ಎಂದು ಮೇಜಿನ ಮೇಲೆ ಇಟ್ಟು ಹೋದರು. ಹೊಂದುವುದಿಲ್ಲ. ಅದು ಮುಂದಿನ ತಲೆನೋವು.

ಕಳಸದ ಕಣ
50 ಕಿಲೋ ಚೆರಿಗೆ ಎಷ್ಟು ಬೀಜ ಬೀಳುತ್ತದೆ ಎಂದು ಅಲ್ಲಿಯೂ ನೋಡಿಸುತ್ತಾರೆಯೇ? ತೂಕ ಸರಿಯಿದ್ದು ಔಟ್‌ಟರ್ನ್‌ನಲ್ಲಿ ಕೈ ಹಾಕುವವರು ನಮ್ಮಲ್ಲಿ ಬಹಳ. ಅದನ್ನೂ ಗಮನಿಸು.

ಕಹಿ ಮಾತು
ಯಾರ ನೆಂಟಳೂ ಅಲ್ಲ ಎಂಬುದು ಒಂದು ಅರ್ಹತೆ ಎಂದು ನಾನು ಯೋಚಿಸಿರಲಿಲ್ಲ. ನಮ್ಮ ಪಡಿತರ ಅಂಗಡಿಯ ತಕ್ಕಡಿಗೂ ಒಬ್ಬರು ಉಗಾಂಡಾದವರನ್ನು ಕಳಿಸಿಕೊಡಿ.

ನಿವೃತ್ತ ಮೇಷ್ಟ್ರು, ಅರಸೀಕೆರೆ
ಪುಸ್ತಕ ಹೊಂದುವುದಿಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬೇಡ ಮಗು. ಭಾವಮೈದುನನ ಮುಂದಂತೂ ಬೇಡ.

ಚನ್ನರಾಯಪಟ್ಟಣದ ಅಮ್ಮ
ಆ ಹುಡುಗಿಗೆ ಏನಾದರೂ ಕಲಿಸಿಕೊಡು. ಕೂಡುವ ಲೆಕ್ಕವಾದರೂ.

ಆಲ್ದೂರಿನವಳು
ಆಗಲಿ ಅಮ್ಮ. ಅವಳು ಈಗಾಗಲೇ ನನ್ನ ಚೀಟಿಗಳಲ್ಲಿ ಎರಡು ತಪ್ಪು ಹಿಡಿದಿದ್ದಾಳೆ.

ಭಾನುವಾರ ಗುಜರಾತಿಯವರ ಮನೆಗೆ ಈ ತಿಂಗಳು ಒಂದೇ ಸಲ ಹೋದೆ. ದೋಹಾದ ಅಣ್ಣನವರೇ, ಎರಡು ಸಲ ಬಡಿಸಿಕೊಂಡೆ. ರಸ್ತೆಯಲ್ಲಿ ಈಗಲೂ ಮಕ್ಕಳು ಕೂಗುತ್ತವೆ. ದೊಡ್ಡವರು ಎದುರಾದರೆ "ಜೆಬಲೇಕೋ" ಎನ್ನುತ್ತಾರೆ. ನೀನು ಮಾಡುತ್ತಿರುವ ಕೆಲಸಕ್ಕೆ ಧನ್ಯವಾದ ಎಂಬರ್ಥದ ನಮಸ್ಕಾರ ಅದು, ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ಮೂರು ತಿಂಗಳು ಅದನ್ನು ಕೇಳಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಹೊರಡುತ್ತೇನೆ. ನಾಳೆ ಒಂದು ಗಂಟೆಗೆ ತೂಕ ಶುರು. ನಿಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಏಳು.

ಬಾಳೆಹೊನ್ನೂರಿನ ಮಳೆ
ನಮ್ಮ ಲೆಕ್ಕದಲ್ಲಿ ಒಂಬತ್ತೂವರೆ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ.

ಹುಳಿ ಮುದ್ದೆ
ನುಂಗುತ್ತಾರೋ, ಅಗಿಯುತ್ತಾರೋ?